ನ್ಯಾನೋ ಪದರದ ಸೋಲಾರ್ ಪ್ಯಾನಲ್: ವ್ಯಾಟ್‌ಗೆ ಎಷ್ಟು ಜಾಸ್ತಿ ಕೊಡಬಹುದು?

ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸೋಣ ಅಂತ ಎರಡು ಮೂರು ಕಡೆ ಕೊಟೇಶನ್ ಕೇಳಿದರೆ ಮೂರು ಹೆಸರು ಬರುತ್ತವೆ: ಮೋನೋ ಪರ್ಕ್, ಟಾಪ್‌ಕಾನ್, ಎಚ್‌ಜೆಟಿ. ಇವು ಪ್ಯಾನಲ್ ಒಳಗೆ ಬೆಳಕನ್ನು ಕರೆಂಟ್ ಮಾಡುವ ಬಿಲ್ಲೆಯ, ಅಂದರೆ ಸೆಲ್‌ನ, ಮೂರು ಜಾತಿಗಳು. ಸಾಮಾನ್ಯವಾಗಿ ಒಂದಕ್ಕಿಂತ ಇನ್ನೊಂದರ ರೇಟು ಜಾಸ್ತಿ. ಇದರ ಜೊತೆ "ಗಾಜಿನ ಮೇಲೆ ನ್ಯಾನೋ ಕೋಟಿಂಗ್ ಮಾಡಿಸಿ, ಧೂಳು ಕೂರಲ್ಲ, ಯೂನಿಟ್ ಜಾಸ್ತಿ ಬರುತ್ತೆ" ಅನ್ನುವವರೂ ಸಿಗುತ್ತಾರೆ. ಪೇಪರ್ ತೆರೆದರೆ ಪೆರೋವ್‌ಸ್ಕೈಟ್ ಅನ್ನುವ ಹೊಸ ಸೆಲ್ ದಾಖಲೆ ಮುರಿದ ಸುದ್ದಿ. ಹಾಗಾದರೆ ಇನ್ನೂ ಸ್ವಲ್ಪ ಕಾಯೋಣ್ವಾ ಅಂತಲೂ ಅನಿಸುತ್ತದೆ.

ಇವೆಲ್ಲದರ ಒಳಗೂ ನ್ಯಾನೋ ತಂತ್ರಜ್ಞಾನ ಇದೆ. ಆದರೆ ಆ ಹೆಸರಿಗೆ ದುಡ್ಡು ಕೊಡಬೇಡಿ. ಶೇಕಡಾ 23 ದಕ್ಷತೆ, 24 ದಕ್ಷತೆ (ಬಿದ್ದ ಬೆಳಕಿನಲ್ಲಿ ಕರೆಂಟ್ ಆಗುವ ಪಾಲು) ಅನ್ನುವ ಅಂಕಿಗೂ ಸುಮ್ನೆ ಕೊಡಬೇಡಿ. ಆ ತೆಳು ಪದರದಿಂದ ನಿಮ್ಮ ತಾರಸಿಯಲ್ಲಿ, ನಿಮ್ಮ ಊರಿನ ಬಿಸಿಲಿನಲ್ಲಿ ಎಷ್ಟು ಯೂನಿಟ್ ಹೆಚ್ಚಿಗೆ ಬರುತ್ತದೆ ನೋಡಿ. ಆ ಯೂನಿಟ್‌ಗಳ ಇವತ್ತಿನ ಬೆಲೆ ಎಷ್ಟೋ ಅಷ್ಟರವರೆಗೆ ಮಾತ್ರ ಕೊಡಿ. ಈ ಲೆಕ್ಕವನ್ನು ಕ್ಯಾಲ್ಕುಲೇಟರ್ ಇಟ್ಟುಕೊಂಡು ಯಾರು ಬೇಕಾದರೂ ಮಾಡಬಹುದು.

ಪದರ ಅಗ್ಗ, ಅದನ್ನು ಕೂರಿಸುವುದು ದುಬಾರಿ

ತೀರಾ ಅಗ್ಗದ ಪ್ಯಾನಲ್‌ನಲ್ಲೂ ನ್ಯಾನೋ ಕೆಲಸ ಇದೆ. ಸೆಲ್ ಮಾಡುವ ಸಿಲಿಕಾನ್ ಹಾಗೇ ಇದ್ದರೆ ಮೇಲೆ ಬಿದ್ದ ಬೆಳಕಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ವಾಪಸ್ ಹೋಗಿಬಿಡುತ್ತದೆ. ಅದನ್ನು ತಡೆಯಲು ಸುಮಾರು 75 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ) ದಪ್ಪದ ಸಿಲಿಕಾನ್ ನೈಟ್ರೈಡ್ ಪದರ ಹಾಕುತ್ತಾರೆ. ಹಳೆಯ ಪ್ಯಾನಲ್‌ಗಳ ನೀಲಿ ಬಣ್ಣ ಆ ದಪ್ಪದಿಂದಲೇ ಬಂದದ್ದು. ಮೇಲಿನ ಗಾಜಿಗೂ ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಸಣ್ಣ ಸಣ್ಣ ರಂಧ್ರಗಳಿರುವ ಸಿಲಿಕಾ ಪದರ ಬಳಿದಿರುತ್ತಾರೆ. ಸಾದಾ ಗಾಜು ಒಂದು ಮೈಯಿಂದ ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಈ ಪದರ ಅದರಲ್ಲಿ ಬಹುಪಾಲನ್ನು ಉಳಿಸುತ್ತದೆ. ಇದೆಲ್ಲ ಪ್ಯಾನಲ್ ಬೆಲೆಯಲ್ಲೇ ಸೇರಿದೆ, ನೀವು ಬೇರೆ ಕೇಳಬೇಕಾಗಿಲ್ಲ.

ಪರ್ಕ್ ಸೆಲ್‌ನ ಹಿಂಭಾಗದಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನ ಕೆಲವೇ ನ್ಯಾನೋಮೀಟರ್ ಪದರ ಇರುತ್ತದೆ. ಬೆಳಕಿನಿಂದ ಹುಟ್ಟಿದ ಎಲೆಕ್ಟ್ರಾನ್‌ಗಳು ಹಿಂದಿನ ಲೋಹಕ್ಕೆ ತಾಗಿ ವ್ಯರ್ಥವಾಗದಂತೆ ಅದು ತಡೆಯುತ್ತದೆ. ಈ ವಿನ್ಯಾಸ 1980ರ ದಶಕದಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡದಲ್ಲಿ ಹುಟ್ಟಿತು. ಮಾರುಕಟ್ಟೆಯನ್ನು ಆಳಲು ಅದಕ್ಕೆ ಮೂವತ್ತು ವರ್ಷ ಬೇಕಾಯಿತು. ವಿಜ್ಞಾನ ಯಾವತ್ತೋ ಸಿದ್ಧವಿತ್ತು. ಆ ಪದರವನ್ನು ಗಂಟೆಗೆ ಸಾವಿರಾರು ಸೆಲ್‌ಗಳ ಮೇಲೆ ಅಗ್ಗವಾಗಿ ಕೂರಿಸುವ ಯಂತ್ರ ಬರಬೇಕಿತ್ತು.

ಟಾಪ್‌ಕಾನ್ ಇದರ ಮುಂದಿನ ಹೆಜ್ಜೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2013ರಲ್ಲಿ ಇದಕ್ಕೆ ಈ ಹೆಸರು ಕೊಟ್ಟಿತು. ಇಲ್ಲಿ ಹಿಂಭಾಗದ ಸಿಲಿಕಾನ್ ಆಕ್ಸೈಡ್ ಪದರದ ದಪ್ಪ ಬರೀ 1ರಿಂದ 2 ನ್ಯಾನೋಮೀಟರ್. ಎಲೆಕ್ಟ್ರಾನ್ ಅದರ ಮೂಲಕ ನುಸುಳಿ ಹೋಗುವಷ್ಟು ತೆಳು. ಒಂದು ಲೆಕ್ಕ ಮಾಡಿ ನೋಡಿ. 3 ಕಿಲೋವ್ಯಾಟ್‌ಗೆ ಬೇಕಾಗುವ ಪ್ಯಾನಲ್‌ಗಳ ವಿಸ್ತೀರ್ಣ ಸುಮಾರು 14 ಚದರ ಮೀಟರ್. ಅಷ್ಟಗಲಕ್ಕೂ ಒಂದೂವರೆ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಹರಡಿದರೆ ಒಟ್ಟು ತೂಕ 50 ಮಿಲಿಗ್ರಾಂ ಕೂಡ ಆಗುವುದಿಲ್ಲ. ಇಡೀ ತಾರಸಿಗೆ ಒಂದು ಗ್ರಾಂನ ಇಪ್ಪತ್ತನೇ ಒಂದು ಭಾಗ!

ಹಾಗಾದರೆ ರೇಟು ಯಾಕೆ ಏರುತ್ತದೆ? ಯಂತ್ರದ ಬಂಡವಾಳ, ತಯಾರಾಗುವಾಗ ಕೆಟ್ಟು ಹೋಗುವ ಸೆಲ್‌ಗಳು, ಮತ್ತು ಬೆಳ್ಳಿ. ಸೆಲ್ ಮೇಲೆ ಕಾಣುವ ಸಣ್ಣ ಗೆರೆಗಳು ಬೆಳ್ಳಿಯವು. ಪರ್ಕ್‌ಗಿಂತ ಟಾಪ್‌ಕಾನ್‌ಗೆ ಬೆಳ್ಳಿ ಜಾಸ್ತಿ ಬೇಕು. ಎಚ್‌ಜೆಟಿಗೆ ಇನ್ನೂ ಜಾಸ್ತಿ, ಯಾಕೆಂದರೆ ಅದರ ಪದರಗಳು ಜಾಸ್ತಿ ಬಿಸಿ ತಡೆಯುವುದಿಲ್ಲ. 200 ಡಿಗ್ರಿ ಆಸುಪಾಸಿನಲ್ಲೇ ಕೆಲಸ ಮುಗಿಯಬೇಕು, ಅದಕ್ಕೆ ಬೇರೆ ಥರದ ಬೆಳ್ಳಿ ಪೇಸ್ಟ್ ಬೇಕು. ಜೊತೆಗೆ ಇಂಡಿಯಂ ಅನ್ನುವ ವಿರಳ ಲೋಹದ ಪಾರದರ್ಶಕ ಪದರವೂ ಬೇಕು. ಎಚ್‌ಜೆಟಿ ಹೊಸದೇನಲ್ಲ, ಜಪಾನಿನ ಸ್ಯಾನ್ಯೋ ಕಂಪನಿ 1997ರಲ್ಲೇ ಮಾರಲು ಶುರು ಮಾಡಿತ್ತು. ಆದರೆ ಅದಕ್ಕೆ ಪೂರ್ತಿ ಹೊಸ ಕಾರ್ಖಾನೆ ಬೇಕು. ಟಾಪ್‌ಕಾನ್ ಆದರೆ ಇದ್ದ ಪರ್ಕ್ ಲೈನಿಗೇ ಕೆಲವು ಯಂತ್ರ ಸೇರಿಸಿ ತಯಾರಿಸಬಹುದು. ಪರ್ಕ್ ಅನ್ನು ಹಿಂದೆ ಹಾಕಿದ್ದು ಟಾಪ್‌ಕಾನ್ ಆಗಿದ್ದಕ್ಕೆ ಇದೇ ದೊಡ್ಡ ಕಾರಣ.

ನ್ಯಾನೋ ಚೆನ್ನಾಗಿ ಕೆಲಸ ಮಾಡಿದರೂ ವ್ಯಾಪಾರದಲ್ಲಿ ಸೋತ ಉದಾಹರಣೆ ಬೇಕಾದರೆ ‘ಬ್ಲ್ಯಾಕ್ ಸಿಲಿಕಾನ್’ ನೋಡಿ. ಸಿಲಿಕಾನ್ ಮೇಲ್ಮೈಯನ್ನು ನ್ಯಾನೋ ಗಾತ್ರದಲ್ಲಿ ಕೊರೆದು ಬೆಳಕು ಹಿಂದಿರುಗದ ಹಾಗೆ ಮಾಡುವ ವಿಧಾನ ಅದು. ಸಿಲಿಕಾನಿನ ಹಲವು ಹರಳು ಸೇರಿದ ಮಲ್ಟಿ ಕ್ರಿಸ್ಟಲ್ ಪ್ಯಾನಲ್‌ಗಳನ್ನು ಉಳಿಸಿಕೊಳ್ಳಲು ಕಂಪನಿಗಳು ಅದನ್ನು ಬಳಸಿದವು. ಅಷ್ಟರಲ್ಲಿ ಒಂದೇ ಹರಳಿನ ಮೋನೋ ಸಿಲಿಕಾನ್ ಬೆಲೆಯೇ ಇಳಿದು, ಮಲ್ಟಿ ಪ್ಯಾನಲ್ ಮಾರುಕಟ್ಟೆಯಿಂದಲೇ ಹೊರಗೆ ಹೋಯಿತು. ಸೆಲ್ ಚೆನ್ನಾಗಿದ್ದರೆ ಸಾಲದು, ಪಕ್ಕದ ಆಯ್ಕೆ ಎಷ್ಟಕ್ಕೆ ಸಿಗುತ್ತದೆ ಅನ್ನುವುದೂ ಮುಖ್ಯ.

ಪರ್ಕ್, ಟಾಪ್‌ಕಾನ್, ಎಚ್‌ಜೆಟಿ: ರೂಪಾಯಿ ಲೆಕ್ಕ

ಮೊದಲು ಒಂದು ಗೊಂದಲ ತೆಗೆದು ಹಾಕೋಣ. ಶೇಕಡಾ 21 ದಕ್ಷತೆಯ 3 ಕಿಲೋವ್ಯಾಟ್ ಮತ್ತು ಶೇಕಡಾ 23 ದಕ್ಷತೆಯ 3 ಕಿಲೋವ್ಯಾಟ್ ಎರಡೂ 3 ಕಿಲೋವ್ಯಾಟೇ. ದಕ್ಷತೆ ಜಾಸ್ತಿ ಇದ್ದರೆ ಜಾಗ ಕಡಿಮೆ ಸಾಕು, ಅಷ್ಟೇ. ಅದೊಂದರಿಂದ ಯೂನಿಟ್ ಜಾಸ್ತಿ ಬರುವುದಿಲ್ಲ. ಯೂನಿಟ್ ಜಾಸ್ತಿ ಬರುವುದು ಬೇರೆ ಎರಡು ದಾರಿಯಿಂದ: ಬಿಸಿಗೆ ಕಡಿಮೆ ಸೊರಗುವುದು, ಮತ್ತು ವರ್ಷ ಕಳೆದಂತೆ ಕಡಿಮೆ ಸವೆಯುವುದು.

ಬಿಸಿಯ ವಿಷಯ. ಪ್ಯಾನಲ್‌ನ ವ್ಯಾಟ್ ಅಳೆಯುವುದು ಸೆಲ್ 25 ಡಿಗ್ರಿ ಇದ್ದಾಗ. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಪರ್ಕ್ ಶೇಕಡಾ 0.35ರಷ್ಟು, ಟಾಪ್‌ಕಾನ್ 0.30ರಷ್ಟು, ಎಚ್‌ಜೆಟಿ 0.25ರಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ಬೇರೆ ಬೇರೆ ಕಂಪನಿಯಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಸೆಲ್ 60 ಡಿಗ್ರಿ ಮುಟ್ಟಿತು ಅಂದುಕೊಳ್ಳಿ. ಆಗ ಪರ್ಕ್‌ಗೆ ಶೇಕಡಾ 12.25 ನಷ್ಟ, ಟಾಪ್‌ಕಾನ್‌ಗೆ 10.5, ಎಚ್‌ಜೆಟಿಗೆ 8.75. ಆದರೆ ವರ್ಷಪೂರ್ತಿ ಏಪ್ರಿಲ್ ಇರುವುದಿಲ್ಲ ಅಲ್ವಾ. ವರ್ಷದ ಸರಾಸರಿಯಲ್ಲಿ ಸೆಲ್ 45 ಡಿಗ್ರಿ ಅಂತ ಹಿಡಿದರೆ, ಪರ್ಕ್‌ಗಿಂತ ಟಾಪ್‌ಕಾನ್ ಶೇಕಡಾ 1ರಷ್ಟು, ಎಚ್‌ಜೆಟಿ ಶೇಕಡಾ 2ರಷ್ಟು ಮುಂದೆ.

ಸವೆತದ ವಿಷಯ. ಇದಕ್ಕೆ ವಾರಂಟಿ ಕಾಗದವೇ ಆಧಾರ. ಪರ್ಕ್‌ಗೆ ಸಾಮಾನ್ಯವಾಗಿ ಮೊದಲ ವರ್ಷ ಶೇಕಡಾ 2, ಆಮೇಲೆ ವರ್ಷಕ್ಕೆ 0.55 ಇಳಿಕೆ ಅಂತ ಬರೆದಿರುತ್ತದೆ. ಟಾಪ್‌ಕಾನ್‌ಗೆ ಮೊದಲ ವರ್ಷ 1, ಆಮೇಲೆ 0.4. ಎಚ್‌ಜೆಟಿಗೆ ಮೊದಲ ವರ್ಷ 1, ಆಮೇಲೆ 0.3 ಅಂತ ಇಟ್ಟುಕೊಳ್ಳೋಣ. 25 ವರ್ಷದ ಕೊನೆಗೆ ಪರ್ಕ್‌ನಲ್ಲಿ ಉಳಿಯುವುದು ಶೇಕಡಾ 84.8, ಟಾಪ್‌ಕಾನ್‌ನಲ್ಲಿ 89.4, ಎಚ್‌ಜೆಟಿಯಲ್ಲಿ 91.8.

ಈಗ ಎರಡನ್ನೂ ಕೂಡಿಸೋಣ. ನಮ್ಮ ಕಡೆ 1 ಕಿಲೋವ್ಯಾಟ್‌ಗೆ ವರ್ಷಕ್ಕೆ 1,400 ಯೂನಿಟ್ ಅನ್ನುವುದು ನಂಬಬಹುದಾದ ಅಂದಾಜು. 3 ಕಿಲೋವ್ಯಾಟ್‌ಗೆ 4,200 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿಯುತ್ತೇನೆ. ಪರ್ಕ್‌ಗಿಂತ ಟಾಪ್‌ಕಾನ್ 25 ವರ್ಷದಲ್ಲಿ ಸುಮಾರು 3,900 ಯೂನಿಟ್ ಹೆಚ್ಚು ಕೊಡುತ್ತದೆ. ಅದರ ಬೆಲೆ 23,500 ರೂಪಾಯಿ.

ಇಲ್ಲೇ ಜನ ಎಡವುವುದು. ಡೀಲರ್ ಈ 23,500 ತೋರಿಸಿ 15,000 ಜಾಸ್ತಿ ಕೇಳಿದರೆ ಲಾಭವೇ ಇದೆ ಅನಿಸುತ್ತದೆ. ಆದರೆ ಆ ಯೂನಿಟ್‌ಗಳು ಇವತ್ತೇ ಬರುವುದಿಲ್ಲ. ಮೊದಲ ವರ್ಷ ಬರುವ ವ್ಯತ್ಯಾಸ 84 ಯೂನಿಟ್, ಅಂದರೆ 500 ರೂಪಾಯಿ. 25ನೇ ವರ್ಷಕ್ಕೆ ಅದು 230 ಯೂನಿಟ್ ಆಗುತ್ತದೆ. ದೊಡ್ಡ ಲಾಭವೆಲ್ಲ ಕೊನೆಗೇ ಇದೆ. ಇವತ್ತು ಕೈಯಿಂದ ಕೊಡುವ ದುಡ್ಡನ್ನು ಬ್ಯಾಂಕಿನಲ್ಲಿಟ್ಟಿದ್ದರೆ ಬಡ್ಡಿ ಬರುತ್ತಿತ್ತು. ಸಾಲ ಮಾಡಿ ಹಾಕಿಸಿದರೆ ಬಡ್ಡಿ ಕಟ್ಟಬೇಕು. ಶೇಕಡಾ 8ರ ಬಡ್ಡಿ ಲೆಕ್ಕದಲ್ಲಿ ಆ 23,500ರ ಇವತ್ತಿನ ಬೆಲೆ ಬರೀ 8,600 ರೂಪಾಯಿ. ವ್ಯಾಟ್‌ಗೆ ಹಂಚಿದರೆ 2 ರೂಪಾಯಿ 85 ಪೈಸೆ.

ಅಂದರೆ ಪರ್ಕ್‌ಗಿಂತ ಟಾಪ್‌ಕಾನ್ ವ್ಯಾಟ್‌ಗೆ 2.85 ರೂಪಾಯಿಗಿಂತ ಕಡಿಮೆ ವ್ಯತ್ಯಾಸದಲ್ಲಿ ಸಿಕ್ಕರೆ ಕಣ್ಣು ಮುಚ್ಚಿ ಟಾಪ್‌ಕಾನ್ ತೆಗೆದುಕೊಳ್ಳಿ. ಅದಕ್ಕಿಂತ ಜಾಸ್ತಿ ಕೇಳಿದರೆ ಚೌಕಾಸಿ ಮಾಡಿ. ಇದೇ ರೀತಿ ಎಚ್‌ಜೆಟಿಗೆ ಲೆಕ್ಕ ಹಾಕಿದರೆ ಪರ್ಕ್‌ಗಿಂತ ವ್ಯಾಟ್‌ಗೆ ಸುಮಾರು 4.50 ರೂಪಾಯಿವರೆಗೆ ಕೊಡಬಹುದು. ಆದರೆ ಟಾಪ್‌ಕಾನ್ ಪಕ್ಕದಲ್ಲೇ ಇರುವಾಗ ಎಚ್‌ಜೆಟಿಗೆ ಅದರ ಮೇಲೆ 1.60 ರೂಪಾಯಿಗಿಂತ ಜಾಸ್ತಿ ಕೊಡುವುದರಲ್ಲಿ ಅರ್ಥವಿಲ್ಲ. ಸದ್ಯಕ್ಕೆ ಹೆಚ್ಚಿನ ಮನೆಗಳಿಗೆ ಟಾಪ್‌ಕಾನ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಉತ್ತರ ಕರ್ನಾಟಕದ ಬಿಸಿಲಿನ ಊರುಗಳಲ್ಲಿ ಎಚ್‌ಜೆಟಿ ಸ್ವಲ್ಪ ಹತ್ತಿರ ಬರುತ್ತದೆ, ತಣ್ಣನೆಯ ಮಡಿಕೇರಿಯಲ್ಲಿ ದೂರ ಉಳಿಯುತ್ತದೆ.

ಕರೆಂಟ್ ದರ ಮುಂದೆ ಏರಿದರೆ ಈ ಮಿತಿಗಳೂ ಏರುತ್ತವೆ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಈಗ ಸೊನ್ನೆ ಬರುತ್ತಿದ್ದರೆ ಲೆಕ್ಕವೇ ಬೇರೆ. ಆಗ ಸೋಲಾರ್‌ನ ಒಂದು ಯೂನಿಟ್ ನಿಮಗೆ 6 ರೂಪಾಯಿ ಉಳಿಸುವುದಿಲ್ಲ. ಅಂಥವರು ದುಬಾರಿ ಸೆಲ್‌ಗೆ ಹೋಗುವುದು ಬೇಡ.

ಹಿಂದಿನಿಂದಲೂ ಬೆಳಕು ಹಿಡಿಯುವ ಬೈಫೇಶಿಯಲ್ ಪ್ಯಾನಲ್ ಬಗ್ಗೆ ತುಂಬ ಹೇಳುತ್ತಾರೆ. ಹಿಂಭಾಗದ ಸಾಮರ್ಥ್ಯ ಪರ್ಕ್‌ಗೆ ಮುಂಭಾಗದ ಶೇಕಡಾ 70ರಷ್ಟು, ಟಾಪ್‌ಕಾನ್‌ಗೆ 80, ಎಚ್‌ಜೆಟಿಗೆ 90ರ ಹತ್ತಿರ. ಆದರೆ ಹಿಂದಕ್ಕೆ ಬೆಳಕು ಬೀಳಬೇಕಲ್ಲ? ಮುಂದಿನ ಬೆಳಕಿನ ಶೇಕಡಾ 8 ಹಿಂದೆ ಬಿತ್ತು ಅಂದರೂ ಪರ್ಕ್ ಮತ್ತು ಟಾಪ್‌ಕಾನ್ ನಡುವೆ ವ್ಯತ್ಯಾಸ ಶೇಕಡಾ ಒಂದು ಕೂಡ ಇಲ್ಲ. ಶೀಟಿಗೋ ಹೆಂಚಿಗೋ ಅಂಟಿಸಿದ ಹಾಗೆ ಕೂರಿಸಿದರೆ ಅದೂ ಇಲ್ಲ.

ಜಾಗ ಕಡಿಮೆ ಇದ್ದವರಿಗೆ

ಬೆಂಗಳೂರಿನ 20×30 ಸೈಟಿನ ಮನೆ, ಮೇಲೆ ನೀರಿನ ಟ್ಯಾಂಕು, ಪಕ್ಕದ ಮನೆಯ ನೆರಳು. ಉಳಿಯುವುದು ಆರು ಪ್ಯಾನಲ್‌ಗೆ ಜಾಗ. ಇಲ್ಲಿ ದಕ್ಷತೆಗೆ ನಿಜವಾದ ಬೆಲೆ ಬರುತ್ತದೆ. ಒಂದೇ ಅಳತೆಯ ದೊಡ್ಡ ಪ್ಯಾನಲ್ ಪರ್ಕ್‌ನಲ್ಲಿ 540 ವ್ಯಾಟ್ ಇದ್ದರೆ ಟಾಪ್‌ಕಾನ್‌ನಲ್ಲಿ 580 ವ್ಯಾಟ್ ಸಿಗುತ್ತದೆ. ಆರು ಪ್ಯಾನಲ್‌ಗೆ 240 ವ್ಯಾಟ್ ಜಾಸ್ತಿ. ವರ್ಷಕ್ಕೆ 336 ಯೂನಿಟ್, ಅಂದರೆ 2,000 ರೂಪಾಯಿ. ಬಿಸಿ, ಸವೆತದ ಲಾಭ ಇದರ ಮೇಲೆ. ಕಬ್ಬಿಣದ ಸ್ಟ್ರಕ್ಚರ್, ಕೂಲಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಇಂಥ ಮನೆಯವರು ವ್ಯಾಟ್‌ಗೆ ಮೇಲೆ ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಹೊಲದಲ್ಲಿ ಪಂಪ್‌ಸೆಟ್‌ಗೆ ಹಾಕಿಸುವವರಿಗೆ ಇದರ ಉಲ್ಟಾ. ಜಾಗ ಧಾರಾಳ ಇದೆ, ಎರಡು ಪ್ಯಾನಲ್ ಜಾಸ್ತಿ ಹಾಕಿದರಾಯಿತು.

ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಈ ಪೈಸೆ ಲೆಕ್ಕ ಎಷ್ಟು ಭಾರ ಅಂತ ಒಂದು ಅಂದಾಜು ಕೊಡುತ್ತೇನೆ. ತುಮಕೂರು ಜಿಲ್ಲೆಯ ಪಾವಗಡ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್. ಅಷ್ಟು ದೊಡ್ಡದರಲ್ಲಿ ವ್ಯಾಟ್‌ಗೆ 1 ರೂಪಾಯಿ ವ್ಯತ್ಯಾಸ ಅಂದರೆ 205 ಕೋಟಿ ರೂಪಾಯಿ.

ಕರಾವಳಿಯವರಿಗೆ ಒಂದು ಮಾತು. ತೇವ ಮತ್ತು ಬಿಸಿ ಒಟ್ಟಿಗೆ ಇದ್ದಾಗ ಕೆಲವು ಟಾಪ್‌ಕಾನ್ ಸೆಲ್‌ಗಳ ಲೋಹದ ಗೆರೆಗಳು ಬೇಗ ಹಾಳಾಗುವುದನ್ನು ಸಂಶೋಧಕರು ಗಮನಿಸಿದ್ದಾರೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಹಿಂದೆ ಪ್ಲಾಸ್ಟಿಕ್ ಹಾಳೆ ಇರುವ ಪ್ಯಾನಲ್ ಬಿಟ್ಟು, ಎರಡೂ ಕಡೆ ಗಾಜು ಇರುವುದನ್ನೇ ಕೇಳಿ. ಉಪ್ಪು ಗಾಳಿಯ ಪರೀಕ್ಷೆ ಪಾಸಾದ ಐಇಸಿ 61701 ಪ್ರಮಾಣಪತ್ರ ಇದೆಯಾ ನೋಡಿ. ಸಮುದ್ರದ ಹತ್ತಿರ ಈ ಎರಡು ವಿಷಯ ಸೆಲ್ ಜಾತಿಗಿಂತ ಮುಖ್ಯ.

ಮೇಲೆ ಬಳಿಯುವ ನ್ಯಾನೋ ಕೋಟಿಂಗ್

ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಕಾರಣ ಹೇಳುತ್ತೇನೆ.

ಮಾರುವವರು ಶೇಕಡಾ 3 ಯೂನಿಟ್ ಜಾಸ್ತಿ ಬರುತ್ತದೆ ಅಂದರು ಅಂತಿಟ್ಟುಕೊಳ್ಳಿ. ಅದು ಪೂರ್ತಿ ನಿಜ ಆದರೂ 4,200 ಯೂನಿಟ್‌ಗೆ 126 ಯೂನಿಟ್, ಅಂದರೆ ವರ್ಷಕ್ಕೆ 756 ರೂಪಾಯಿ. ಬಿಸಿಲು, ಧೂಳು, ಉಜ್ಜುವಿಕೆಗೆ ಸಿಕ್ಕಿ ಕೋಟಿಂಗ್ ಮೂರು ವರ್ಷ ಬಾಳಿಕೆ ಬಂದರೆ ಒಟ್ಟು 2,268 ರೂಪಾಯಿ. ಇದು ಗರಿಷ್ಠ ಬೆಲೆ. 3 ಕಿಲೋವ್ಯಾಟ್‌ಗೆ ಇದಕ್ಕಿಂತ ಜಾಸ್ತಿ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ಕಾರ್ಖಾನೆಯಿಂದ ಬಂದ ಗಾಜಿನ ಮೇಲೆ ಆಗಲೇ ರಂಧ್ರವಿರುವ ಸಿಲಿಕಾ ಪದರ ಇದ್ದರೆ, ಅದು ಕೆಲಸ ಮಾಡುವುದೇ ಆ ರಂಧ್ರಗಳ ಗಾಳಿಯಿಂದ. ಅದರ ಮೇಲೆ ಇನ್ನೊಂದು ದ್ರವ ಬಳಿದು ರಂಧ್ರ ತುಂಬಿಸಿದರೆ ಬೆಳಕು ಒಳಗೆ ಹೋಗುವುದು ಕಡಿಮೆಯಾಗಬಹುದು. ಪ್ಯಾನಲ್ ಕಂಪನಿಯ ವಾರಂಟಿ ಇದಕ್ಕೆ ಒಪ್ಪುತ್ತದಾ ಅಂತಲೂ ಲಿಖಿತವಾಗಿ ಕೇಳಬೇಕು.

ಇನ್ನು ನಮ್ಮ ಹವಾಮಾನ. ನೀರು ಅಂಟದ ಕೋಟಿಂಗ್ ತನ್ನಷ್ಟಕ್ಕೆ ಸ್ವಚ್ಛವಾಗಲು ಮಳೆ ಬೇಕು. ಹನಿ ಉರುಳಿ ಹೋಗುವಾಗ ಧೂಳನ್ನು ಹೊತ್ತೊಯ್ಯುತ್ತದೆ. ಮಳೆಗಾಲದಲ್ಲಿ ಆ ಕೆಲಸ ಸಾದಾ ಗಾಜಿನ ಮೇಲೂ ಆಗುತ್ತದೆ. ಧೂಳು ನಿಜವಾಗಿ ಕೂರುವುದು ಜನವರಿಯಿಂದ ಏಪ್ರಿಲ್‌ವರೆಗೆ, ಬಯಲುಸೀಮೆಯಲ್ಲಿ ಮಳೆಯೇ ಇಲ್ಲದಾಗ. ರಾತ್ರಿ ಇಬ್ಬನಿ ಧೂಳನ್ನು ನೆನೆಸುತ್ತದೆ, ಹಗಲು ಬಿಸಿಲು ಅದನ್ನು ಗಾಜಿಗೆ ಗಟ್ಟಿಯಾಗಿ ಕೂರಿಸುತ್ತದೆ. ಆಗ ಬೇಕಾಗುವುದು ಬೆಳಿಗ್ಗೆ ಬೇಗ, ಗಾಜು ತಣ್ಣಗಿರುವಾಗ, ಒಂದು ಬಕೆಟ್ ನೀರು ಮತ್ತು ಮೆತ್ತನೆಯ ವೈಪರ್. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಿಳಿ ಕಲೆ ಉಳಿಯುತ್ತದೆ, ಮಳೆ ನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ತೊಳೆಯಲು ಹತ್ತುವುದಕ್ಕೇ ಆಗದಂಥ ಎತ್ತರದ ಶೀಟಿನ ಮೇಲೆ ಪ್ಯಾನಲ್ ಇದ್ದರೆ ಮಾತ್ರ ಕೋಟಿಂಗ್ ಬಗ್ಗೆ ಯೋಚಿಸಬಹುದು. ಅದನ್ನೂ ಮೊದಲು ಅರ್ಧ ಪ್ಯಾನಲ್‌ಗಳಿಗೆ ಮಾತ್ರ ಬಳಿಸಿ, ಉಳಿದ ಅರ್ಧದ ಜೊತೆ ಯೂನಿಟ್ ಹೋಲಿಸಿ ನೋಡಿ.

ಪೆರೋವ್‌ಸ್ಕೈಟ್‌ಗೆ ಕಾಯಬೇಕಾ?

ಕಾಯಲು ಆಸೆ ಆಗುವುದು ಸಹಜ. 2009ರಲ್ಲಿ ಜಪಾನಿನ ಸುತೋಮು ಮಿಯಾಸಾಕ ಅವರ ತಂಡ ಮೊದಲು ಮಾಡಿದಾಗ ಈ ಸೆಲ್‌ನ ದಕ್ಷತೆ ಶೇಕಡಾ 3.8 ಇತ್ತು. ಇವತ್ತು ಪ್ರಯೋಗಾಲಯದಲ್ಲಿ 26 ದಾಟಿದೆ. ಸಿಲಿಕಾನ್ ಒಂದರಿಂದಲೇ ಎಷ್ಟೇ ಒದ್ದಾಡಿದರೂ ಶೇಕಡಾ 29.4ಕ್ಕಿಂತ ಮೇಲೆ ಹೋಗಲು ಆಗದು, ಅದು ಪ್ರಕೃತಿ ಹಾಕಿದ ಮಿತಿ. ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್‌ನ ಕೆಲವು ನೂರು ನ್ಯಾನೋಮೀಟರ್ ಪದರ ಕೂರಿಸಿದರೆ ಆ ಮಿತಿ ದಾಟಬಹುದು. ಚೀನಾದ ಲೋಂಗಿ ಕಂಪನಿ 2024ರಲ್ಲಿ ಅಂಥ ಜೋಡಿ ಸೆಲ್‌ನಲ್ಲಿ ಶೇಕಡಾ 34.6 ಮುಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿ ಶೇಕಡಾ 24.5 ದಕ್ಷತೆಯ ಜೋಡಿ ಪ್ಯಾನಲ್‌ಗಳನ್ನು ಅಮೆರಿಕಕ್ಕೆ ಮೊದಲ ಸಲ ಮಾರಾಟಕ್ಕೆ ಕಳಿಸಿತು. ಬೆಂಗಳೂರಿನ ಐಐಎಸ್‌ಸಿ, ಮುಂಬೈನ ಐಐಟಿಯಲ್ಲೂ ಇದರ ಮೇಲೆ ಸಂಶೋಧನೆ ನಡೆಯುತ್ತಿದೆ.

ತೊಂದರೆ ಇರುವುದು ಬಾಳಿಕೆಯಲ್ಲಿ. ತೇವ, ಬಿಸಿ, ನೇರಳಾತೀತ ಕಿರಣ, ಮೂರೂ ಇದಕ್ಕೆ ಆಗದು. ಮೂರೂ ನಮ್ಮಲ್ಲಿ ಧಾರಾಳ. ಬಾಳಿಕೆ ಎಷ್ಟು ಮುಖ್ಯ ಅಂತ ತಿಳಿಯಲು ಊಹೆಯ ಅಂಕಿ ಇಟ್ಟು ನೋಡೋಣ. ಶೇಕಡಾ 28 ದಕ್ಷತೆಯ ಜೋಡಿ ಪ್ಯಾನಲ್ ವರ್ಷಕ್ಕೆ ಶೇಕಡಾ 3ರಂತೆ ಸವೆದರೆ, ಎಂಟನೇ ವರ್ಷಕ್ಕೇ ಅದು ಶೇಕಡಾ 23ರ ಟಾಪ್‌ಕಾನ್‌ಗಿಂತ ಕೆಳಗೆ ಬರುತ್ತದೆ. ಉಳಿದ ಹದಿನೇಳು ವರ್ಷ? ಒಳಗಿನ ಸೀಸದ ಅಂಶವನ್ನು ಕೊನೆಗೆ ಯಾರು ವಾಪಸ್ ತೆಗೆದುಕೊಳ್ಳುತ್ತಾರೆ ಅನ್ನುವ ಖರ್ಚೂ ಲೆಕ್ಕಕ್ಕೆ ಬರಬೇಕು. ನಾನು ಈ ವಸ್ತುವಿನ ಬಗ್ಗೆ ತುಂಬ ಆಸೆ ಇಟ್ಟುಕೊಂಡಿದ್ದೇನೆ. ಆದರೂ ಅದಕ್ಕಾಗಿ ಇವತ್ತು ಮನೆ ಮೇಲಿನ ಪ್ಯಾನಲ್ ಮುಂದೂಡಬೇಡಿ. 3 ಕಿಲೋವ್ಯಾಟ್ ಒಂದು ವರ್ಷ ತಡವಾದರೆ ಕಳೆದುಕೊಳ್ಳುವುದು 25,000 ರೂಪಾಯಿಯ ಕರೆಂಟು.

ಕ್ವಾಂಟಮ್ ಡಾಟ್ ಸೆಲ್‌ಗಳು ಇನ್ನೂ ಪ್ರಯೋಗಾಲಯದಲ್ಲೇ ಇವೆ. ಆ ನ್ಯಾನೋ ಕಣಗಳ ಸಂಶೋಧನೆಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿದ್ದು ನಿಜ, ತಾರಸಿಗೆ ಬರಲು ಸಮಯ ಬೇಕು.

ಸಬ್ಸಿಡಿ ಮತ್ತು ಕೊಟೇಶನ್

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿಗೆ ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಷರತ್ತು ಏನೆಂದರೆ ಪ್ಯಾನಲ್ ಡಿಸಿಆರ್ ಆಗಿರಬೇಕು, ಅಂದರೆ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ನಾವು ಇಷ್ಟು ಹೊತ್ತು ಲೆಕ್ಕ ಹಾಕಿದ ನ್ಯಾನೋ ಲಾಭ 8,600 ರೂಪಾಯಿ. ಅದಕ್ಕಾಗಿ ವಿದೇಶಿ ಸೆಲ್ ಇರುವ ಪ್ಯಾನಲ್ ಆರಿಸಿ 78,000 ಬಿಟ್ಟುಕೊಡುವುದು ಬೇಡ. ಡಿಸಿಆರ್‌ನಲ್ಲಿ ಟಾಪ್‌ಕಾನ್ ಸಿಕ್ಕರೆ ಅದು, ಸಿಗದಿದ್ದರೆ ಡಿಸಿಆರ್ ಪರ್ಕ್ ಆದರೂ ಪರವಾಗಿಲ್ಲ. ಸೋಲಾರ್ ಸಾಮಾನಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದಲ್ಲಿ ಯಾರಾದರೂ ಲೆಕ್ಕ ಕೊಟ್ಟರೆ ಕೇಳಿ.

ಕೊಟೇಶನ್‌ನಲ್ಲಿ ಪ್ಯಾನಲ್ ಬೆಲೆ, ಇನ್ವರ್ಟರ್ ಬೆಲೆ, ಸ್ಟ್ರಕ್ಚರ್ ಮತ್ತು ಕೂಲಿ ಬೇರೆ ಬೇರೆ ಬರೆಸಿ. ಒಟ್ಟು ಮೊತ್ತ ಮಾತ್ರ ಇದ್ದರೆ ಯಾವುದಕ್ಕೆ ಜಾಸ್ತಿ ಹಾಕಿದ್ದಾರೆ ಗೊತ್ತಾಗುವುದಿಲ್ಲ. ಪ್ಯಾನಲ್‌ನ ಪೂರ್ತಿ ಮಾಡೆಲ್ ನಂಬರ್ ಬರೆಸಿ, ಅದರ ಡೇಟಾಶೀಟ್ ತೆಗೆದು ಎರಡು ಸಾಲು ಹುಡುಕಿ: ಒಂದು ಡಿಗ್ರಿಗೆ ಎಷ್ಟು ಇಳಿಕೆ, ವರ್ಷಕ್ಕೆ ಎಷ್ಟು ಸವೆತ. ಆ ಅಂಕಿಗಳನ್ನು ಮೇಲಿನ ಲೆಕ್ಕಕ್ಕೆ ಹಾಕಿ. ಪ್ಯಾನಲ್ ಮನೆಗೆ ಬಂದ ದಿನ ಹಿಂಭಾಗದ ಸ್ಟಿಕರ್‌ನಲ್ಲಿ ಅದೇ ಮಾಡೆಲ್ ನಂಬರ್ ಇದೆಯಾ ನೋಡಿಕೊಂಡು, ಪ್ರತಿ ಪ್ಯಾನಲ್‌ನ ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ಮೇಲೆ ಕೂರಿಸಿದ ಮೇಲೆ ಆ ಸ್ಟಿಕರ್ ಕೈಗೆ ಸಿಗುವುದಿಲ್ಲ, ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ.